ಹಂಚಿ ಬರೆದ ಡಿಸ್ಕುಗಳೂ ಅವುಗಳ ಪ್ರತಿಯೂ

ಯುಗಾದಿ ಕಳೆದು ಮದುವೆಯ ಮುಹೂರ್ತಗಳು ಒಂದರ ಬೆನ್ನಿಗೊಂದು ಬರತೊಡಗಿದವೆಂದರೆ ಜೇವರ್ಗಿಯ ಫೋಟೋ ಸ್ಟುಡಿಯೋದವರಿಗೆ ಹಗಲಿಗೂ ಇರುಳಿಗೂ ಭೇದವುಳಿಯುವುದಿಲ್ಲ. ಅರಿಶಿನದಿಂದ ತೊಡಗಿ ಸುರಗಿ, ಅಕ್ಕಿಕಾಳು, ಮೆರವಣಿಗೆಗಳವರೆಗೆ ಎರಡು ಕ್ಯಾಮರಾಗಳಲ್ಲಿ ಹಿಡಿದುದನ್ನೆಲ್ಲ ಹೊತ್ತುಕೊಂಡು ನಡುರಾತ್ರಿ ಮೀರಿದ ಮೇಲೆ ಊರಿಗೆ ಮರಳಿ, ಮೆಮೊರಿ ಕಾರ್ಡುಗಳನ್ನು ಲ್ಯಾಪ್‌ಟಾಪಿಗೆ ಖಾಲಿ ಮಾಡಿ, ಬೆಳಗಾಗುವಷ್ಟರಲ್ಲಿ ಅವೇ ಕಾರ್ಡುಗಳನ್ನು ಮತ್ತೊಂದು ಮದುವೆಗೆ ಸಜ್ಜುಗೊಳಿಸಬೇಕಾದ ಈ ವೃತ್ತಿಯಲ್ಲಿ ಕಾಲವೇ ಪರಮ ದುರ್ಲಭವಾದ ವಸ್ತು. ಸೆಕೆಂಡಿಗೆ ನೂರು ಮೆಗಾಬಿಟ್ಟಿನ ದರದಲ್ಲಿ ಹಿಡಿದ 4ಕೆ ವೀಡಿಯೊ ಗಂಟೆಯೊಂದಕ್ಕೆ 45 ಗಿಗಾಬೈಟಿನಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಎರಡೂ ಕ್ಯಾಮರಾ ಕೂಡಿ ಹತ್ತು ಗಂಟೆ ನಡೆದರೆ ಒಂದೇ ಮದುವೆಗೆ 450 ಗಿಗಾಬೈಟು ತುಂಬಿತು. ಕರೆಂಟು ಹೋದರೂ ಕೆಲಸ ನಿಲ್ಲಬಾರದೆಂದು ಮೇಜಿನ ಕಂಪ್ಯೂಟರನ್ನು ಬಿಟ್ಟು ಲ್ಯಾಪ್‌ಟಾಪನ್ನು ನಂಬಿರುವವರು ಇವರಲ್ಲಿ ಅನೇಕರು, ಅಂಥವರಿಗೆ ಎಂದಾದರೊಮ್ಮೆ ಯಾರಾದರೂ ಒಂದು ಸಲಹೆ ಕೊಡದೆ ಇರುವುದಿಲ್ಲ: “ಎರಡು ಡಿಸ್ಕು ಕೂಡಿಸಿ ರೇಡ್ ಮಾಡ್ಸ್ರಿ ಅಣ್ಣಾರ, ಸ್ಪೀಡ್ ಡಬಲ್ ಆಗ್ತದ.” ಈ ಸಲಹೆಯಲ್ಲಿ ಸತ್ಯವೆಷ್ಟು, ಅದನ್ನು ಸ್ವೀಕರಿಸಿದವನು ತನ್ನ ಮೇಲೆ ಹೇರಿಕೊಳ್ಳುವ ಹೊಣೆ ಯಾವುದು, ಆ ಹೊಣೆಯನ್ನು ನಿರ್ವಹಿಸುವ ಕ್ರಮವೆಂತು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುಸ್ವರೂಪ. ತಾಳೆಗರಿಯ ಗ್ರಂಥವೊಂದನ್ನು ಇಬ್ಬರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಒಂದು, ಮೂರು, ಐದನೆಯ ಗರಿಗಳು ಅಣ್ಣನಿಗೆ, ಎರಡು, ನಾಲ್ಕು, ಆರನೆಯವು ತಮ್ಮನಿಗೆ ಎಂದು ಹಂಚಿಕೊಂಡರೆಂದು ಭಾವಿಸೋಣ. ಇಬ್ಬರೂ ಎದುರುಬದುರು ಕುಳಿತು ಸರದಿಯಂತೆ ಗರಿಯೆತ್ತಿ ಕೊಟ್ಟರೆ ವಾಚನವು ಶೀಘ್ರವಾಗಿ ಸಾಗೀತು. ಆದರೆ ಒಬ್ಬನ ಮನೆಯ ಕಟ್ಟು ಗೆದ್ದಲಿಗೆ ತುತ್ತಾದ ದಿನ ಇನ್ನೊಬ್ಬನ ಮನೆಯ ಕಟ್ಟು ಅಕ್ಷರವೂ ಮಾಸದೆ ಉಳಿದಿದ್ದರೂ ಗ್ರಂಥವೆಂಬುದು ಇಲ್ಲವಾಯಿತು. ಲ್ಯಾಪ್‌ಟಾಪಿನ ಎರಡು ಡಿಸ್ಕುಗಳನ್ನು ಸ್ಟ್ರೈಪ್ ಮಾಡುವುದೆಂದರೆ ಇದೇ ವಿಧದ ಹಂಚಿಕೆ. ಹೊರಗಿನಿಂದ ನೋಡುವವನಿಗೆ ಅಲ್ಲಿ ಒಂದೇ ದೊಡ್ಡ ಡಿಸ್ಕು ಕಾಣುತ್ತದೆ. ಒಳಗಾದರೋ ಬರಹವನ್ನೆಲ್ಲ ಸಮಾನವಾದ ತುಣುಕುಗಳಾಗಿ ಕತ್ತರಿಸಿ, ಒಂದನ್ನು ಈ ಡಿಸ್ಕಿಗೆ, ಮುಂದಿನದನ್ನು ಆ ಡಿಸ್ಕಿಗೆ ಇಡುತ್ತ ಹೋಗುವ ಏರ್ಪಾಡಿದೆ. ತುಣುಕಿನ ಅಳತೆ 128 ಕಿಲೋಬೈಟ್ ಎಂದಿಟ್ಟುಕೊಂಡರೆ, 5 ಮೆಗಾಬೈಟಿನ ಒಂದು ಫೋಟೋ ನಲವತ್ತು ತುಣುಕುಗಳಾಗುತ್ತದೆ. ಇಪ್ಪತ್ತು ಇಲ್ಲಿ, ಇಪ್ಪತ್ತು ಅಲ್ಲಿ. ಮದುಮಗಳ ಮುಖದ ಅರ್ಧವೊಂದು ಕಡೆ, ಬಾಸಿಂಗದ ಅರ್ಧವಿನ್ನೊಂದು ಕಡೆ. ತುಣುಕಿಗಿಂತ ಚಿಕ್ಕದಾದ ಪತ್ರವೋ ಚೀಟಿಯೋ ಒಂದೇ ಡಿಸ್ಕಿನಲ್ಲಿ ಇಡಿಯಾಗಿ ಉಳಿದಿರಬಹುದಾದರೂ, ಯಾವ ಫೈಲು ಎಲ್ಲಿದೆ ಎಂಬ ಸೂಚಿಯೇ ಎರಡಾಗಿ ಹಂಚಿಹೋಗಿರುವುದರಿಂದ ಸಾಮಾನ್ಯ ಉಪಾಯಗಳಿಂದ ಅದೂ ಕೈಗೆ ದಕ್ಕುವುದಿಲ್ಲ.

ಹಾರ್ಡ್ ಡಿಸ್ಕಿನ ಚರಿತ್ರೆ ಬಹು ದೀರ್ಘವಾದುದೇನಲ್ಲ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಜೇವರ್ಗಿ, ಆಳಂದ, ಅಫಜಲಪುರಗಳು ಏಕೀಕರಣದಿಂದ ವಿಶಾಲ ಮೈಸೂರನ್ನು ಸೇರಿದ 1956ನೆಯ ಇಸವಿಯಲ್ಲಿಯೇ ಅಮೆರಿಕದ ಐಬಿಎಂ ಸಂಸ್ಥೆಯು ರಾಮ್ಯಾಕ್ ಎಂಬ ಯಂತ್ರದೊಡನೆ ಮೊದಲ ಹಾರ್ಡ್ ಡಿಸ್ಕನ್ನು ಲೋಕದ ಮುಂದಿಟ್ಟಿತು. 24 ಅಂಗುಲ ವ್ಯಾಸದ ಐವತ್ತು ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದ ಆ ಬೃಹದ್ಯಂತ್ರದಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ಇಂದಿನ ಮೊಬೈಲಿನ ಒಂದು ಫೋಟೋಕ್ಕೆ ಅಷ್ಟು ಸ್ಥಳ ಸಾಲುತ್ತದೋ ಇಲ್ಲವೋ. ಮುಂದೆ ಮೂರು ದಶಕಗಳು ಕಳೆದು, ದೊಡ್ಡ ಕಂಪ್ಯೂಟರುಗಳ ದುಬಾರಿ ಡಿಸ್ಕಿನ ಬದಲಿಗೆ ಅಗ್ಗದ ಸಣ್ಣ ಡಿಸ್ಕುಗಳ ಸಮೂಹವನ್ನು ಹೂಡಿದರೆ ಹೇಗೆಂಬ ವಿಚಾರವನ್ನು 1988ರ ಒಂದು ಪ್ರಬಂಧದಲ್ಲಿ ಕ್ರಮಬದ್ಧವಾಗಿ ಮಂಡಿಸಿದವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್. ರೇಡ್ ಎಂಬ ಹೆಸರು ಅಲ್ಲಿಂದ ಬಂದಿತು. ಆ ವಿದ್ವಾಂಸರು ಎಣಿಸಿದ್ದು ಒಂದರಿಂದ ಐದರವರೆಗಿನ ಮೆಟ್ಟಿಲುಗಳನ್ನು. ಆ ಐದರಲ್ಲಿಯೂ ಒಂದು ಡಿಸ್ಕು ಕೆಟ್ಟರೆ ಬರಹವನ್ನು ಉಳಿಸಿಕೊಳ್ಳುವ ಯಾವುದಾದರೊಂದು ಹೆಚ್ಚುವರಿ ಏರ್ಪಾಡು ಉಂಟು. ಕೇವಲ ಹಂಚಿಕೆಯಷ್ಟೇ ಇದ್ದು ರಕ್ಷಣೆಯ ಲೇಶವೂ ಇಲ್ಲದ ಕ್ರಮಕ್ಕೆ ಬಳಿಕ ರೂಢಿಯಲ್ಲಿ ಸೊನ್ನೆಯ ಅಂಕ ಬಂದಿತು. ನಾವು ಇಲ್ಲಿ ಮಾತನಾಡುತ್ತಿರುವುದು ಈ ರೇಡ್ ಸೊನ್ನೆಯನ್ನು ಕುರಿತೇ.

ಇದರಿಂದ ಲಾಭವೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ನಿಮಿಷಕ್ಕೆ 5400 ಸುತ್ತು ತಿರುಗುವ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಸೆಕೆಂಡಿಗೆ ಹೆಚ್ಚುಕಡಿಮೆ 100 ಮೆಗಾಬೈಟಿನಂತೆ ಬರಹವನ್ನು ಒಪ್ಪಿಸುತ್ತದೆ. ಜೋಡಿ ಹೂಡಿದರೆ ದೊಡ್ಡ ಫೈಲುಗಳ ಮಟ್ಟಿಗೆ ಅದು 200ರ ಹತ್ತಿರ ಬರುವುದು ನಿಜ. ಎರಡು ಡಿಸ್ಕುಗಳ ಸ್ಥಳ ಕೂಡಿ ಒಂದೇ ಆಗಿ ದೊರೆಯುವುದೂ ಒಂದು ಅನುಕೂಲವೇ. ಆದರೆ ತಿರುಗುವ ತಟ್ಟೆಯ ಮೇಲೆ ಬೇಕಾದ ಸ್ಥಳವನ್ನು ಸೂಜಿ ಹುಡುಕಿ ಮುಟ್ಟುವುದಕ್ಕೆ ಹಿಡಿಯುವ ಹತ್ತು ಹದಿನೈದು ಮಿಲಿಸೆಕೆಂಡುಗಳ ವಿಳಂಬವು ಡಿಸ್ಕುಗಳನ್ನು ಎಷ್ಟು ಕೂಡಿಸಿದರೂ ಕಡಮೆಯಾಗುವುದಿಲ್ಲವಾದ್ದರಿಂದ, ಸಾವಿರಾರು ಸಣ್ಣ ಫೈಲುಗಳನ್ನು ತೆರೆಯುವ ಕೆಲಸದಲ್ಲಿ ಈ ಜೋಡಿಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸಾಟಾ ಜೋಡಣೆಯ ಸಾಧಾರಣ ಎಸ್‌ಎಸ್‌ಡಿಯೊಂದು ಏಕಾಕಿಯಾಗಿಯೇ ಸೆಕೆಂಡಿಗೆ 500 ಮೆಗಾಬೈಟಿಗೆ ಮೀರಿ ಓದಬಲ್ಲದು, ಹುಡುಕುವ ವಿಳಂಬವಂತೂ ಅದರಲ್ಲಿ ಇಲ್ಲವೆಂದೇ ಹೇಳಬಹುದು. ಆದುದರಿಂದ ಹಳೆಯ ಹಾರ್ಡ್ ಡಿಸ್ಕುಗಳೆರಡನ್ನು ಜೋಡಿಸಿ ವೇಗ ಪಡೆಯಬೇಕೆಂದು ಹಂಬಲಿಸುವವನು ಒಂದು ಎಸ್‌ಎಸ್‌ಡಿಯನ್ನು ಕೊಳ್ಳುವುದೇ ಲೇಸು. ಇದು ನನ್ನ ನಿಶ್ಚಿತಾಭಿಪ್ರಾಯ.

ಎನ್‌ವಿಎಂಇ ಎಂಬ ಇನ್ನೂ ತ್ವರಿತವಾದ ಜಾತಿಯ ಎಸ್‌ಎಸ್‌ಡಿಗಳನ್ನೇ ಎರಡು ಹೂಡಿದರೆ ಹೇಗೆ ಎಂಬ ಪ್ರಶ್ನೆಗೂ ಉತ್ತರ ಸಂಮಿಶ್ರವಾದುದು. ಇಂಥ ಒಂದೊಂದು ಡಿಸ್ಕೂ ಸೆಕೆಂಡಿಗೆ 3500 ಮೆಗಾಬೈಟಿನಷ್ಟು ಓದುವ ಶಕ್ತಿಯುಳ್ಳದ್ದಾದರೂ, ಅನೇಕ ಲ್ಯಾಪ್‌ಟಾಪುಗಳಲ್ಲಿ ಅವೆರಡರಿಂದಲೂ ಹೊರಟ ಪ್ರವಾಹವು ಪ್ರೊಸೆಸರನ್ನು ಸೇರುವ ಮುನ್ನ ಚಿಪ್‌ಸೆಟ್ಟಿನ ಒಂದೇ ಕಾಲುವೆಯ ಮೂಲಕ ಹಾಯಬೇಕಾಗುತ್ತದೆ. ಹಲವು ವರ್ಷಗಳ ಇಂಟೆಲ್ ಯಂತ್ರಗಳಲ್ಲಿ ಆ ಕಾಲುವೆಯ ಮೇರೆ ಸೆಕೆಂಡಿಗೆ ಸುಮಾರು 3900 ಮೆಗಾಬೈಟು ಮಾತ್ರ. ಅಲ್ಲಿ ಜೋಡಿ ಹೂಡಿದರೂ ವೇಗ ದ್ವಿಗುಣವಾಗುವ ಮಾತೇ ಇಲ್ಲ. ಇದಲ್ಲದೆ, ಮೇಲೆ ಹೇಳಿದ 4ಕೆ ವೀಡಿಯೊ ಸೆಕೆಂಡಿಗೆ ಬೇಡುವುದು ಹನ್ನೆರಡೂವರೆ ಮೆಗಾಬೈಟನ್ನು. ನಾಲ್ಕು ಕ್ಯಾಮರಾಗಳನ್ನು ಒಟ್ಟಿಗೆ ಓಡಿಸಿದರೂ ಐವತ್ತು. ಎಡಿಟ್ ಮಾಡುವಾಗ ಚಿತ್ರ ತಡವರಿಸುತ್ತಿದ್ದರೆ ಬಹುಮಟ್ಟಿಗೆ ಅದು ಗಂಟುಕಟ್ಟಿದ ವೀಡಿಯೊವನ್ನು ಬಿಚ್ಚಲಾರದ ಪ್ರೊಸೆಸರಿನ ಅಥವಾ ಗ್ರಾಫಿಕ್ಸ್ ಕಾರ್ಡಿನ ದೌರ್ಬಲ್ಯವೇ ಹೊರತು ಡಿಸ್ಕಿನ ಅಪರಾಧವಲ್ಲ. ರೋಗವನ್ನರಿಯದೆ ಔಷಧ ಕೊಡುವ ಈ ಪ್ರಮಾದವು ನಮ್ಮಲ್ಲಿ ಬಹಳವಾಗಿ ನಡೆಯುತ್ತಿದೆ ಎಂದು ಖೇದಪಡಬೇಕಾಗಿದೆ.

ಇನ್ನು ಅಪಾಯದ ಲೆಕ್ಕ. ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ ನೂರಕ್ಕೆ ಮೂರು ಎಂದು ಉದಾಹರಣೆಗಾಗಿ ಹಿಡಿದರೆ, ಜೋಡಿಯಲ್ಲಿ ಯಾವುದಾದರೊಂದು ಕೆಡುವ ಸಂಭವ ನೂರಕ್ಕೆ ಆರರ ಸಮೀಪಕ್ಕೆ ಏರುತ್ತದೆ. ಮತ್ತು ಒಂದು ಕೆಟ್ಟರೆ ಹೋಗುವುದು ಅರ್ಧವಲ್ಲ, ಸರ್ವಸ್ವ. ಮೇಲಾಗಿ ಲ್ಯಾಪ್‌ಟಾಪೆಂಬುದು ಒಂದೆಡೆ ಕುಳಿತ ಯಂತ್ರವಲ್ಲ. ಅದು ಬೈಕಿನ ಮೇಲೆ ಬೆನ್ನಿಗೇರಿ ಹಳ್ಳಿಗೆ ಹೋಗುತ್ತದೆ. ಕಟ್ಟಿ ಸಂಗಾವಿಯ ಸೇತುವೆ ದಾಟಿ ಕಲಬುರಗಿಗೆ ಬಸ್ಸಿನಲ್ಲಿ ಕುಲುಕಾಡುತ್ತದೆ. ಹೊರಗಿನ ನೆರಳಿನಲ್ಲಿಯೇ 42, 43 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಹಾಸಿಗೆಯ ಮೇಲೆ ಮಡಚಿಟ್ಟು ಓಡಿಸಿದರೆ, ಗಾಳಿಯ ದಾರಿ ಕಟ್ಟಿ, ಒಳಗಿನ ಡಿಸ್ಕು ಅರುವತ್ತು ಡಿಗ್ರಿಯ ಎಲ್ಲೆಯನ್ನು ಸಮೀಪಿಸುತ್ತದೆ. ತೊಗರಿಯ ರಾಶಿಯ ಕಾಲದಲ್ಲಿ ಎದ್ದ ಧೂಳು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡು ಈ ತಾಪವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಷ್ಟೆಲ್ಲದರ ನಡುವೆ ಎರಡು ಡಿಸ್ಕುಗಳೂ ಸ್ವಸ್ಥವಾಗಿರಬೇಕೆಂಬುದೇ ಸ್ಟ್ರೈಪಿನ ಷರತ್ತು.

ಈ ಅಪಾಯಕ್ಕೆ ಪರಿಹಾರ ಬೇರೆಡೆ ಇಟ್ಟ ಪ್ರತಿ; ಅದರ ಬೆಲೆಯೇನೆಂಬುದನ್ನು ಅರಿಯಲು ನಾವು ದೂರ ಹೋಗಬೇಕಾದುದಿಲ್ಲ. ಜೇವರ್ಗಿಯ ಸೀಮೆಯನ್ನು ಮುಟ್ಟಿ ಹರಿಯುವ ಭೀಮೆಯ ಗುಂಟ ಕೆಳಗಿಳಿದರೆ ಎಡದಂಡೆಯಲ್ಲಿ, ಚಿತ್ತಾಪುರ ತಾಲೂಕಿನ ಸನ್ನತಿ ಸಿಗುತ್ತದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ಅಷ್ಟು ಕಾಲವೂ ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನದ ಫಲಕವೆಂಬುದು ಬೆಳಕಿಗೆ ಬಂದಿತು. ಎರಡೂ ಮುಖಗಳಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಹೊತ್ತ ಆ ಫಲಕದಲ್ಲಿ ಸಾಮ್ರಾಟನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಭಾಗಗಳೂ, ಅದಕ್ಕೆ ಮುಂಚೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಇದ್ದವು. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಯಾವ ಕಾಲದಲ್ಲಿಯೋ ಯಾರೋ ಕಲ್ಲುಕುಟಿಗನು ನಡುವೆ ರಂಧ್ರವನ್ನು ಕೊರೆದಿದ್ದನಾದ್ದರಿಂದ ಅಲ್ಲಿಯ ಅಕ್ಷರಗಳು ಶಾಶ್ವತವಾಗಿ ನಷ್ಟವಾಗಿದ್ದವು, ಅಂಚುಗಳೂ ಮುರಿದಿದ್ದವು. ಆದರೂ ವಿದ್ವಾಂಸರು ಅದನ್ನು ಓದಬಲ್ಲವರಾದರು. ಹೇಗೆಂದರೆ, ಹನ್ನೆರಡನೆಯ ಶಾಸನವು ಗುಜರಾತಿನ ಗಿರಿನಾರದಲ್ಲಿಯೂ ಉತ್ತರಾಖಂಡದ ಕಾಲಸಿಯಲ್ಲಿಯೂ ನೆರೆಯ ಆಂಧ್ರದ ಎರ್ರಗುಡಿಯಲ್ಲಿಯೂ ಇದೆ. ಪ್ರತ್ಯೇಕ ಶಾಸನಗಳು ಒಡಿಶಾದಲ್ಲಿವೆ. ಇಲ್ಲಿ ಕೊರೆದುಹೋದ ಅಕ್ಷರವನ್ನು ಅಲ್ಲಿ ನೋಡಿ ತುಂಬಿಕೊಳ್ಳಬಹುದಾಯಿತು. ಎರಡು ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷಗಳ ಹಿಂದೆ ಒಂದೇ ಮಾತನ್ನು ದೂರದೂರದ ಬಂಡೆಗಳ ಮೇಲೆ ಮತ್ತೆ ಮತ್ತೆ ಕೊರೆಸಿದವನು ಪ್ರಜೆಗಳೆಲ್ಲರಿಗೂ ಅದು ಕಾಣಲೆಂದು ಹಾಗೆ ಮಾಡಿಸಿದನು. ಆದರೆ ಆ ದೂರವೇ ಅದನ್ನು ಕಾಪಾಡಿತು. ಆ ಪ್ರತಿಗಳೆಲ್ಲ ಸನ್ನತಿಯ ಒಂದೇ ಗುಡಿಯಲ್ಲಿ ಇದ್ದಿದ್ದರೆ ಗತಿಯೇನಾಗುತ್ತಿತ್ತು!

ಕನ್ನಡ ನಾಡಿನಲ್ಲಿ ಈ ವಿವೇಕಕ್ಕೆ ಇನ್ನೊಂದು ಉಜ್ಜ್ವಲ ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೆಯ ಶತಮಾನದ ಆ ಮಹಾಸಾಧ್ವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿಸಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ವಾರ್ತೆ. ಆಕೆ ಹಂಚಿದ್ದು ಇಡಿಯ ಗ್ರಂಥವನ್ನು, ಗರಿಗಳನ್ನಲ್ಲ. ಸ್ಟ್ರೈಪಿಗೂ ಬ್ಯಾಕಪ್ಪಿಗೂ ಇರುವ ಅಂತರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಹೀಗಿದ್ದೂ ಸ್ಟ್ರೈಪ್ ಬೇಕೇ ಬೇಕೆನ್ನುವವರು ಉಂಟು, ಅವರಿಗೆ ಯೋಗ್ಯ ಕಾರಣಗಳೂ ಇರಬಹುದು: ಬಿಚ್ಚಿಟ್ಟ ದೊಡ್ಡ ವೀಡಿಯೊಗಳ ಮೇಲೆ ಕೆಲಸ ಮಾಡುವವರು, ಎರಡು ಡಿಸ್ಕುಗಳ ಸ್ಥಳ ಒಂದಾಗಿ ಬೇಕಾದವರು. ಅಂಥವರು ಅನುಸರಿಸತಕ್ಕ ಕ್ರಮವನ್ನು ಹೇಳುತ್ತೇನೆ. ಕೆಲವು ಲ್ಯಾಪ್‌ಟಾಪುಗಳು ಕಾರ್ಖಾನೆಯಿಂದಲೇ ಈ ರೂಪದಲ್ಲಿ ಬರುತ್ತವೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. 2010ರ ಸೋನಿ ವಾಯೊ ಝಡ್ ಮಾದರಿಯಲ್ಲಿ ಎಸ್‌ಎಸ್‌ಡಿಗಳು ಸ್ಟ್ರೈಪ್ ಆಗಿಯೇ ಇರುತ್ತಿದ್ದವು. ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಕೊಂಡವನು ಒಳಗೆ ಏನಿದೆ ಎಂದು ನೋಡಿಕೊಳ್ಳದೆ ಒಂದು ಡಿಸ್ಕನ್ನು ಕಿತ್ತರೆ ಎಲ್ಲವೂ ಮಾಯವಾದೀತು.

ಮೊದಲನೆಯದಾಗಿ ಎರಡೂ ಡಿಸ್ಕುಗಳು ಒಂದೇ ಅಳತೆಯವೂ ಒಂದೇ ವೇಗದವೂ ಆಗಿರುವುದು ಲೇಸು. 500 ಗಿಗಾಬೈಟಿನದನ್ನೂ 1 ಟೆರಾಬೈಟಿನದನ್ನೂ ಜೋಡಿಸಿದರೆ ಸಣ್ಣದರ ಎರಡರಷ್ಟು, ಎಂದರೆ ಒಂದೇ ಟೆರಾಬೈಟು ಸಿಗುತ್ತದೆ, ಉಳಿದುದು ವ್ಯರ್ಥ. ನಿಧಾನವಾದದ್ದರ ಹೆಜ್ಜೆಗೆ ವೇಗವಾದದ್ದೂ ಕಾಯಬೇಕು. ಡಿವಿಡಿ ಡ್ರೈವನ್ನು ತೆಗೆದು ಆ ಸ್ಥಳದಲ್ಲಿ ಕ್ಯಾಡಿಯೊಂದರಲ್ಲಿ ಎರಡನೆಯ ಡಿಸ್ಕನ್ನು ಕೂರಿಸುವ ರೂಢಿ ರಿಪೇರಿ ಅಂಗಡಿಗಳಲ್ಲಿ ಬಹಳವಾಗಿದೆ. ಹಳೆಯ ಯಂತ್ರಗಳಲ್ಲಿ ಡಿವಿಡಿಯ ಜೋಡಣೆ ಮುಖ್ಯ ಡಿಸ್ಕಿನದಕ್ಕಿಂತ ಮಂದವಾಗಿರುವುದುಂಟು, ಕ್ಯಾಡಿಯ ಕನೆಕ್ಟರು ಸಡಿಲಾಗುವುದೂ ಉಂಟು. ಅಂಥ ಕ್ಯಾಡಿಯಲ್ಲಿರುವ ಡಿಸ್ಕನ್ನು ಸ್ಟ್ರೈಪಿಗೆ ಸೇರಿಸಬಾರದೆಂದೇ ನಾನು ಹೇಳುವೆನು. ಕೂರಿಸುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಎರಡರ ಆರೋಗ್ಯವನ್ನೂ ನೋಡತಕ್ಕದ್ದು. ಒಂದಾದರೂ ಹಳದಿಯ ಎಚ್ಚರಿಕೆಯನ್ನು ತೋರಿಸಿದರೆ ಆ ಕೆಲಸ ಅಲ್ಲಿಗೇ ನಿಲ್ಲಲಿ.

ಎರಡನೆಯ ಕಾರ್ಯ, ಯಂತ್ರದ ಮೂಲ ಹೊಂದಿಕೆಗಳಿರುವ ಬಯೋಸಿನ ಪ್ರವೇಶ. ಸಾಟಾ ಮೋಡ್ ಎಂಬಲ್ಲಿ ಎಎಚ್‌ಸಿಐ ಎಂದಿರುವುದನ್ನು ರೇಡ್ ಎಂದು ಬದಲಾಯಿಸಬೇಕು. ಹನ್ನೊಂದನೆಯ ಪೀಳಿಗೆಯಿಂದೀಚಿನ ಇಂಟೆಲ್ ಯಂತ್ರಗಳಲ್ಲಿ ಇದೇ ವ್ಯವಸ್ಥೆ ವಿಎಂಡಿ ಎಂಬ ಹೆಸರಿನಲ್ಲಿರುತ್ತದೆ. ಬಳಿಕ ಅಲ್ಲಿಯೇ, ಅಥವಾ ಹಳೆಯ ಯಂತ್ರಗಳಲ್ಲಿ ಪ್ರಾರಂಭದಲ್ಲಿ ಕಂಟ್ರೋಲ್ ಮತ್ತು ಐ ಕೀಲಿಗಳನ್ನು ಒತ್ತಿ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್‌ನ ಪರದೆಯನ್ನು ತೆರೆದು, ಡಿಸ್ಕುಗಳನ್ನು ಆರಿಸಿ, ರೇಡ್ ಸೊನ್ನೆಯೆಂದು ಸೂಚಿಸಿ, ತುಣುಕಿನ ಅಳತೆಯನ್ನು ಗೊತ್ತುಪಡಿಸಬೇಕು. ವೀಡಿಯೊದಂಥ ದೊಡ್ಡ ಫೈಲುಗಳಿಗೆ 128 ಕಿಲೋಬೈಟು ಸಾಧುವಾದ ಅಳತೆ. ಈ ಹಂತದಲ್ಲಿ ಯಂತ್ರವು ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುವುದೆಂದು ಎಚ್ಚರಿಸಿ, ಒಪ್ಪಿಗೆಯುಂಟೇ ಎಂದು ಕೇಳುತ್ತದೆ. ಆ ಎಚ್ಚರಿಕೆ ಅಕ್ಷರಶಃ ಸತ್ಯ. ಆ ಒಂದು ಕೀಲಿಯನ್ನು ಒತ್ತುವುದಕ್ಕೆ ಮುನ್ನ ಹಳೆಯ ಸಾಮಗ್ರಿಯೆಲ್ಲ ಎರಡು ಬೇರೆ ಡಿಸ್ಕುಗಳಿಗೆ ಹೋಗಿ ಸೇರಿದೆಯೆಂದು ತೆರೆದು ನೋಡಿರಬೇಕು. ಆಮೇಲೆ ವಿಂಡೋಸನ್ನು ಹೂಡುವಾಗ ಡಿಸ್ಕೇ ಇಲ್ಲವೆಂದು ಪರದೆ ಹೇಳಿದರೆ ಗಾಬರಿಯಾಗಬೇಕಾದುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಮೊದಲೇ ಪೆನ್ ಡ್ರೈವಿನಲ್ಲಿ ಬಿಚ್ಚಿ ಇಟ್ಟುಕೊಂಡಿದ್ದು, ಲೋಡ್ ಡ್ರೈವರ್ ಎಂಬಲ್ಲಿ ಅದನ್ನು ತೋರಿಸಿದರೆ ಡಿಸ್ಕು ಪ್ರತ್ಯಕ್ಷವಾಗುತ್ತದೆ.

ಬಯೋಸಿನ ಗೊಡವೆಯಿಲ್ಲದೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿಯೇ ಸ್ಟ್ರೈಪ್ಡ್ ವಾಲ್ಯೂಮ್ ಮಾಡಿಕೊಳ್ಳುವ ಮಾರ್ಗವೂ ಇದೆ. ಅದರಿಂದ ಕಂಪ್ಯೂಟರು ಬೂಟ್ ಆಗಲಾರದಾದರೂ, ಸಿಸ್ಟಮ್ ಬೇರೆ ಡಿಸ್ಕಿನಲ್ಲಿದ್ದು ಕೆಲಸದ ಸಾಮಗ್ರಿಗೆ ಮಾತ್ರ ಸ್ಟ್ರೈಪ್ ಬೇಕಾದವರಿಗೆ ಅದು ಸಾಕು. ಲಿನಕ್ಸಿನಲ್ಲಿ ಎಂಡಿ‌ಆ್ಯಡ್ಮ್ ಎಂಬುದು ಇದೇ ಕೆಲಸವನ್ನು ಮಾಡುತ್ತದೆ. ಮೂರು ಡಿಸ್ಕುಗಳಿಗೆ ಅವಕಾಶವಿರುವ ದೊಡ್ಡ ಲ್ಯಾಪ್‌ಟಾಪುಳ್ಳವರಿಗೆ ನಾನು ಸೂಚಿಸುವ ಕ್ರಮ ಇದೇ: ಸಿಸ್ಟಮ್ ಒಂದು ಡಿಸ್ಕಿನಲ್ಲಿ ಏಕಾಂತವಾಗಿರಲಿ, ಇಂದು ತಂದು ನಾಳೆ ತೆಗೆಯುವ ಕೆಲಸದ ಸಾಮಗ್ರಿ ಮಾತ್ರ ಜೋಡಿಯ ಮೇಲಿರಲಿ.

ಇಲ್ಲಿ ಒಂದು ಅನಾಹುತವನ್ನು ವಿಶೇಷವಾಗಿ ಹೇಳಲೇಬೇಕು, ಏಕೆಂದರೆ ಅದು ಸುಲಭವಾಗಿ ತಪ್ಪಿಸಬಹುದಾದದ್ದು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ತೀರಿಹೋದಾಗಲೋ, ರಿಪೇರಿಯವನು ಬಯೋಸನ್ನು ಮೊದಲಿನ ಸ್ಥಿತಿಗೆ ತಂದಾಗಲೋ, ರೇಡ್ ಎಂದಿದ್ದುದು ಮತ್ತೆ ಎಎಚ್‌ಸಿಐ ಆಗಿಬಿಡುವುದುಂಟು. ಆಗ ವಿಂಡೋಸು ಏಳುವುದಿಲ್ಲ. ಡಿಸ್ಕುಗಳನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲೆ ಸಣ್ಣ ಕಿಟಕಿಯೊಂದು ತೆರೆದು, ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕು ಎನ್ನುತ್ತದೆ, ಇಲ್ಲವೇ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. “ಡಾಟಾ ಎಲ್ಲಾ ಹೋಗ್ಯಾದ್ರಿ, ಫಾರ್ಮ್ಯಾಟ್ ಹೊಡೀಬೇಕು” ಎಂದು ಅಂಗಡಿಯವನು ನುಡಿಯುವ ಗಳಿಗೆ ಇದೇ. ವಾಸ್ತವವಾಗಿ ಬರಹವೆಲ್ಲ ಸುರಕ್ಷಿತವಾಗಿರುತ್ತದೆ. ಜೋಡಿಯ ವಿವರವೂ ಡಿಸ್ಕುಗಳ ಮೇಲೆಯೇ ದಾಖಲಾಗಿರುತ್ತದೆ. ಆ ಕಿಟಕಿಯನ್ನು ರದ್ದು ಮಾಡಿ, ಡಿಸ್ಕುಗಳನ್ನು ಸ್ವಸ್ಥಾನದಲ್ಲಿ ಕೂರಿಸಿ, ಬಯೋಸಿನಲ್ಲಿ ಮರಳಿ ರೇಡ್ ಎಂದು ಮಾಡಿದರೆ ಬಹುತೇಕ ಎಲ್ಲವೂ ಯಥಾಸ್ಥಿತಿಗೆ ಬರುತ್ತದೆ. ಒಪ್ಪಿಗೆ ಕೊಟ್ಟವನಿಗೆ ಮಾತ್ರ ಆ ಭಾಗ್ಯವಿಲ್ಲ. ಸ್ಟ್ರೈಪ್ ಇರುವ ಲ್ಯಾಪ್‌ಟಾಪಿನ ಹಿಂಬದಿಗೆ, ಒಳಗೆ ರೇಡ್ ಸೊನ್ನೆ ಇದೆ, ಬಯೋಸ್ ಬದಲಿಸಬಾರದು ಎಂದು ಬರೆದ ಚೀಟಿಯೊಂದನ್ನು ಅಂಟಿಸಿಬಿಡುವುದು ಉಚಿತ.

ಈಗ ಬ್ಯಾಕಪ್ಪಿನ ಮಾತು. ಇಡಿಯ ವಿಷಯದ ಸಾರವೇ ಇದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಮೂರು, ಎರಡು, ಒಂದು ಎಂಬ ಸೂತ್ರವು ಈ ವೃತ್ತಿಯವರೊಳಗಿನಿಂದಲೇ ಹುಟ್ಟಿದ್ದೆಂಬುದು ಗಮನಾರ್ಹ. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಬೇಕು. ಸ್ಟ್ರೈಪ್ ಮಾಡಿದ ಜೋಡಿಯು ಎರಡು ಡಿಸ್ಕುಗಳಾದರೂ ಈ ಲೆಕ್ಕದಲ್ಲಿ ಒಂದೇ ಪ್ರತಿ. ದುರ್ಬಲವಾದ ಒಂದು ಪ್ರತಿ. ಎರಡರಲ್ಲಿಯೂ ಒಂದೇ ಬರಹವನ್ನಿಡುವ ರೇಡ್ ಒಂದು ಎಂಬ ಕನ್ನಡಿಕ್ರಮವು ಡಿಸ್ಕಿನ ಮರಣದಿಂದ ಕಾಪಾಡೀತಾದರೂ, ಕೈತಪ್ಪಿ ಅಳಿಸಿದ್ದು ಅದರಲ್ಲಿ ಎರಡೂ ಕಡೆ ಏಕಕಾಲಕ್ಕೆ ಅಳಿಯುತ್ತದೆ. ಲ್ಯಾಪ್‌ಟಾಪು ಕಳವಾದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದನ್ನೂ ಬ್ಯಾಕಪ್ಪೆಂದು ಎಣಿಸತಕ್ಕದ್ದಲ್ಲ.

ಹೊರಗಿನ ಹಾರ್ಡ್ ಡಿಸ್ಕು ಯುಎಸ್‌ಬಿ 3ರ ಮೂಲಕ ಸೆಕೆಂಡಿಗೆ 110 ಮೆಗಾಬೈಟಿನಂತೆ ಬರೆದರೆ ಒಂದು ಟೆರಾಬೈಟು ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅದೇ ಡಿಸ್ಕನ್ನು ತಪ್ಪಿ ಯುಎಸ್‌ಬಿ 2ರ ಕಿಂಡಿಗೆ ಸಿಕ್ಕಿಸಿದರೆ ಎಂಟು ಗಂಟೆ. ಇಂಟರ್‌ನೆಟ್ಟಿನ ಮೂಲಕ ದೂರದ ಸರ್ವರಿಗೆ ಕಳುಹಿಸುವುದಾದರೆ, ಸೆಕೆಂಡಿಗೆ 20 ಮೆಗಾಬಿಟ್ ಏರುದಾರಿಯಿರುವ ಮನೆಯಿಂದ 450 ಗಿಗಾಬೈಟಿನ ಒಂದು ಮದುವೆ ಹೋಗಿ ಸೇರುವುದಕ್ಕೆ ಎರಡು ದಿನಕ್ಕೂ ಮಿಕ್ಕಿ ಬೇಕು. ಅಷ್ಟರಲ್ಲಿ ಇನ್ನೆರಡು ಮದುವೆಗಳು ಬಂದಿರುತ್ತವೆ. ಆದ್ದರಿಂದ ನಮ್ಮ ಊರುಗಳ ಮಟ್ಟಿಗೆ ಮೂಲ ವೀಡಿಯೊಗಳಿಗೆ ಹೊರಡಿಸ್ಕು, ಆಯ್ದ ಫೋಟೋಗಳಿಗೂ ಸಿದ್ಧವಾದ ಆಲ್ಬಮ್ಮಿಗೂ ಮಾತ್ರ ಕ್ಲೌಡು ಎಂಬ ವಿಭಾಗವೇ ಕಾರ್ಯಸಾಧ್ಯ.

ಮೂರನೆಯ ಪ್ರತಿಯನ್ನು ಎಲ್ಲಿಡಬೇಕೆಂಬುದಕ್ಕೆ ಭೀಮೆಯೇ ಉತ್ತರ ಹೇಳಿದ್ದಾಳೆ. 2020ರ ಅಕ್ಟೋಬರಿನಲ್ಲಿ ಆಕೆ ಉಕ್ಕಿ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಜನರು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಉಟ್ಟ ಬಟ್ಟೆಯಲ್ಲಿ ಎತ್ತರದ ನೆಲ ಸೇರಬೇಕಾಯಿತು. ಅಂಥ ಗಳಿಗೆಯಲ್ಲಿ ಅಲಮಾರಿನ ಡಿಸ್ಕನ್ನು ನೆನೆಯುವವರು ಯಾರು? ಒಂದು ಡಿಸ್ಕು ಕಲಬುರಗಿಯ ಅಕ್ಕನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇದ್ದು, ಸಂತೆಗೋ ಆಸ್ಪತ್ರೆಗೋ ಹೋಗಿಬರುವಾಗ ಅದನ್ನು ತಂದು ಹೊಸದನ್ನು ಇಟ್ಟುಬರುವ ಪದ್ಧತಿಗೆ ಖರ್ಚೇನೂ ಇಲ್ಲ.

ತಾಂತ್ರಿಕವಾದ ನಾಲ್ಕು ಮಾತುಗಳು ಉಳಿದಿವೆ. ಹೊರಡಿಸ್ಕು ಫ್ಯಾಟ್ 32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಗಿಗಾಬೈಟಿಗಿಂತ ದೊಡ್ಡ ಫೈಲನ್ನು ಅದು ಸ್ವೀಕರಿಸದು. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಸಿಸ್ಟಮೂ ಸೇರಿ ಸಮಸ್ತವನ್ನೂ ಒಂದು ಇಮೇಜ್ ಆಗಿ ತೆಗೆದಿಡುವುದಾದರೆ ವಿಂಡೋಸಿನೊಳಗೆ ನಡೆಯುವ ತಂತ್ರಾಂಶವನ್ನೇ ಬಳಸುವುದು ಕ್ಷೇಮ. ಅದಕ್ಕೆ ಜೋಡಿಯು ಒಂದೇ ಡಿಸ್ಕಾಗಿ ಕಾಣುವುದರಿಂದ, ಮುಂದೆ ಸ್ಟ್ರೈಪ್ ಕೆಟ್ಟಾಗ ಆ ಇಮೇಜನ್ನು ಸಾಕಷ್ಟು ದೊಡ್ಡದಾದ ಒಂಟಿ ಡಿಸ್ಕಿನ ಮೇಲೆ ಇಳಿಸಿ ಕೆಲಸ ಮುಂದುವರಿಸಬಹುದು. ಇಮೇಜ್ ತೆಗೆಯುವ ಪ್ರಸಿದ್ಧ ತಂತ್ರಾಂಶ ಕ್ಲೋನ್‌ಜಿಲ್ಲಾ ಈ ಬಗೆಯ ಬಯೋಸ್ ರೇಡನ್ನು ತಾನಾಗಿ ಒಪ್ಪಿಕೊಳ್ಳುವುದಿಲ್ಲ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಬ್ಯಾಕಪ್ ಮುಗಿದೊಡನೆ ಡಿಸ್ಕನ್ನು ಕಳಚಿಡತಕ್ಕದ್ದು. ಸದಾ ಸಿಕ್ಕಿಸಿಯೇ ಇಟ್ಟರೆ ಸಿಡಿಲಿನ ಹೊಡೆತಕ್ಕೂ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ವೈರಸ್ಸಿಗೂ ಎರಡೂ ಪ್ರತಿಗಳು ಒಟ್ಟಿಗೆ ಸಿಲುಕುತ್ತವೆ. ವರ್ಷಗಟ್ಟಲೆ ಅಲಮಾರಿನಲ್ಲಿ ಇಡುವ ಪ್ರತಿಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ಯೋಗ್ಯ; ಬಳಸಿ ಸವೆದ ಎಸ್‌ಎಸ್‌ಡಿಯು ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಬರಹವನ್ನು ಹಿಡಿದಿಟ್ಟರೆ ಸಾಕೆಂಬುದು ಉದ್ಯಮದ ಮಾನದಂಡ, ಮತ್ತು ತಾಪ ಹೆಚ್ಚಿದಂತೆ ಆ ಅವಧಿ ಕುಗ್ಗುತ್ತದೆ. ನಮ್ಮ ಸೀಮೆಯ ತಗಡಿನ ಮಾಡಿನ ಕೋಣೆಯಲ್ಲಿ ಬೇಸಿಗೆಯ ತಾಪ ಎಷ್ಟೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇವೆಲ್ಲವನ್ನೂ ಮಾಡಿಯೂ ಜನರು ಬಿಟ್ಟುಬಿಡುವ ಕಾರ್ಯವೊಂದುಂಟು: ತೆಗೆದಿಟ್ಟ ಪ್ರತಿಯನ್ನು ಮರಳಿ ತೆರೆದು ನೋಡುವುದು. ಬ್ಯಾಕಪ್ ತಂತ್ರಾಂಶವು ದಿನವೂ ಹಸಿರು ಗುರುತು ತೋರಿಸುತ್ತಿದ್ದು, ಅಗತ್ಯ ಬಿದ್ದ ದಿನ ಒಳಗೆ ಖಾಲಿ ಫೋಲ್ಡರುಗಳು ಮಾತ್ರ ಕಂಡ ಸಂದರ್ಭಗಳು ಅಪೂರ್ವವಲ್ಲ. ಮದುವೆಯಾಗಿ ತಿಂಗಳಾದ ಮೇಲೆ ಹುಡುಗಿಯ ತಂದೆ ಸ್ಟುಡಿಯೋದ ಬಾಗಿಲಲ್ಲಿ ನಿಂತು, “ಫೋಟೋ ಎಲ್ಲಾ ಅವಲ್ರೀ ಅಣ್ಣಾರ?” ಎಂದು ಕೇಳಿದಾಗ ಹೌದೆಂದು ಎದೆತಟ್ಟಿ ಹೇಳಬೇಕಾದರೆ, ಬೇರೊಂದು ಕಂಪ್ಯೂಟರಿನಲ್ಲಿ ಆ ಡಿಸ್ಕನ್ನು ಸಿಕ್ಕಿಸಿ, ಮೊದಲಿನ, ನಡುವಿನ, ಕಡೆಯ ಫೈಲುಗಳನ್ನು ತೆರೆದು, ವೀಡಿಯೊವನ್ನು ಓಡಿಸಿ ನೋಡಿರಬೇಕು.

ಸ್ಟುಡಿಯೋದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಬಿದ್ದು, ಅವನ್ನು ತೆರೆದು ನೋಡುವವರೆಗೆ ಮೆಮೊರಿ ಕಾರ್ಡನ್ನು ಅಳಿಸಬೇಡಿರಿ. ಅದಕ್ಕಾಗಿ ಇನ್ನೊಂದು ಜೊತೆ ಕಾರ್ಡು ಕೊಳ್ಳಬೇಕಾಗಿ ಬಂದರೂ ಕೊಳ್ಳಿರಿ. ಲ್ಯಾಪ್‌ಟಾಪಿನಲ್ಲಿ ಸ್ಟ್ರೈಪ್ ಮಾಡಿಸುವ ಆಸೆಯಿದ್ದರೆ, ಆ ಹಣದಲ್ಲಿ ಮೊದಲು ಎರಡು ಹೊರಡಿಸ್ಕುಗಳನ್ನು ತನ್ನಿರಿ, ಒಂದನ್ನು ನದಿಯಾಚೆ ಕಳುಹಿಸಿರಿ. ಆಮೇಲೆಯೂ ಹಣ ಮಿಕ್ಕಿದರೆ ಎಸ್‌ಎಸ್‌ಡಿಯ ಯೋಚನೆ, ಅದಕ್ಕೂ ಮಿಕ್ಕಿದರೆ ಸ್ಟ್ರೈಪಿನ ಯೋಚನೆ.